ಆವರಣದೊಳಗಿನ ಒಂದು ಸಾಲು

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಕುಂದಾಪುರದ ಹತ್ತಿರದ ಹಳ್ಳಿ. ಮದುವೆಯಾಗಿ ಎರಡು ವರ್ಷ ಆಗುತ್ತಾ ಬಂತು, ಒಟ್ಟಿಗೆ ಇದ್ದದ್ದು ಮೂರೂವರೆ ತಿಂಗಳು ಅಷ್ಟೇ. ಇವರು ದುಬೈಯಲ್ಲಿ ಸ್ಟೋರ್ ಕೀಪರ್. ವಾರಕ್ಕೆ ಎರಡು ಮೂರು ರಾತ್ರಿ ವಿಡಿಯೋ ಕಾಲ್‌ನಲ್ಲೇ ಗಂಡ ಹೆಂಡತಿಯಾಗಿ ಇರುತ್ತೇವೆ, ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಮೊದಮೊದಲು ನಾಚಿಕೆಯಿತ್ತು, ಆಮೇಲೆ ನನಗೂ ಇಷ್ಟವಾಯಿತು. ಮೂರ್ನಾಲ್ಕು ತಿಂಗಳಿಂದ ಏನೂ ಅನ್ನಿಸುತ್ತಿಲ್ಲ. ಇವರಿಗೆ ಬೇಜಾರಾಗಬಾರದು ಅಂತ ನಟಿಸುತ್ತೇನೆ. (ದೀಪಾವಳಿ ಸಮಯದಲ್ಲಿ, ಇವರು ಕಾಲ್ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಾರೆ ಅಂತ ಗೊತ್ತಾಯಿತು. "ನೀನು ಇಲ್ಲದಾಗ ನೋಡೋಕೆ" ಅಂದರು. ನಾನೂ ಪರವಾಗಿಲ್ಲ ಅಂದು ಸುಮ್ಮನಾದೆ.) ಕಾಲ್ ಕಟ್ ಆದ ಮೇಲೆ ಅಳು ಬರುತ್ತದೆ. ಏಪ್ರಿಲ್‌ನಲ್ಲಿ ರಜೆಗೆ ಬರುತ್ತಾರೆ, ಆಗಲೂ ಹೀಗೇ ಆದರೆ? ನನಗೆ ಹಾರ್ಮೋನ್ ತೊಂದರೆ ಇರಬಹುದಾ? ಇಷ್ಟಕ್ಕೂ ಫೋನಿನಲ್ಲಿ ಇದೆಲ್ಲ ಮಾಡುವುದು ಅಸಹಜ ಅಲ್ಲವಾ? ಇನ್ನೊಂದು, ಕೋಣೆಯ ಚಿಲಕ ಮಳೆಗಾಲದಿಂದ ಕೂರುವುದಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಆ ಆವರಣದೊಳಗಿನ ಸಾಲನ್ನು ನಾನೂ ದಾಟಿಕೊಂಡು ಹೋದೆ, ನೀವು ದಾಟಿದ ಹಾಗೆಯೇ. ಎರಡನೇ ಸಲ ಪತ್ರದ ತಾರೀಖು ನೋಡಿದೆ: ಫೆಬ್ರವರಿಯ ಎರಡನೇ ವಾರ. ಅಲ್ಲಿಂದ ಹಿಂದಕ್ಕೆ ಮೂರ್ನಾಲ್ಕು ತಿಂಗಳು ಬೆರಳು ಮಡಚಿ ಎಣಿಸಿದರೆ ಎಲ್ಲಿಗೆ ಬರುತ್ತೀರಿ? ದೀಪಾವಳಿಗೆ. ರೆಕಾರ್ಡಿಂಗ್ ವಿಷಯ ಗೊತ್ತಾದ ದಿನವೇ ನೀವು "ಪರವಾಗಿಲ್ಲ" ಅಂದಿರಿ. ನಿಮ್ಮ ಮೈ ಮಾತ್ರ ಹಾಗೆ ಅನ್ನಲಿಲ್ಲ.

ಹಾರ್ಮೋನ್ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಮುಟ್ಟು ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಖಿನ್ನತೆಗೆ ಮಾತ್ರೆ, ಗರ್ಭನಿರೋಧಕ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಒಬ್ಬರೇ ಇದ್ದಾಗಲೋ, ಕನಸಿನಲ್ಲೋ, ಅವರು ಹೋದ ಸಲ ಬಂದಾಗಿನದ್ದು ನೆನಪಾದಾಗಲೋ ಮೈ ಬೆಚ್ಚಗಾಗುತ್ತದೆಯೇ? ಮುಟ್ಟು ಏರುಪೇರಾಗಿದ್ದರೆ, ವಿಪರೀತ ಸುಸ್ತಿದ್ದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ರಕ್ತಪರೀಕ್ಷೆ ಒಮ್ಮೆ ಮಾಡಿಸಿ. ಖಿನ್ನತೆಯ ಕೆಲವು ಮಾತ್ರೆಗಳು ಆಸೆಯನ್ನು ತಗ್ಗಿಸುವುದೂ ಉಂಟು. ಅಂಥದ್ದೇನೂ ಇಲ್ಲ, ಒಬ್ಬರೇ ಇದ್ದಾಗ ಆಸೆ ಬರುತ್ತದೆ, ಕಾಲ್ ಹಿಡಿದ ಕೂಡಲೇ ಆರಿಹೋಗುತ್ತದೆ ಅಂತಾದರೆ ಹಾರ್ಮೋನಿನ ಮೇಲೆ ತಪ್ಪು ಹೊರಿಸಬೇಡಿ. ಹಾರ್ಮೋನಿಗೆ ಫೋನು ಯಾವುದು, ಹಾಸಿಗೆ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ.

ಅಸಹಜವೇ ಅಂತ ಕೇಳಿದ್ದೀರಿ. ನಮ್ಮ ಕರಾವಳಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿದರೆ ನನಗೆ ನಗು ಬರುತ್ತದೆ, ತಪ್ಪು ತಿಳಿಯಬೇಡಿ. 1980ರ ದಶಕದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಗಂಡ ಮಸ್ಕತ್ತಿನಲ್ಲಿದ್ದರು. ಊರಿಗೆ ಹೊರಟವರ ಕೈಯಲ್ಲಿ ಎರಡು ತಿಂಗಳಿಗೊಮ್ಮೆ ಒಂದು ಕ್ಯಾಸೆಟ್ ಕಳಿಸುತ್ತಿದ್ದರು. ಎ ಸೈಡು ಮನೆಯವರಿಗೆಲ್ಲ: ಅಪ್ಪಯ್ಯನ ಕಾಲು ನೋವು, ಗದ್ದೆಯ ಕೊಯ್ಲು, ತಂಗಿಯ ಮದುವೆ ಮಾತುಕತೆ. ಚಾವಡಿಯಲ್ಲಿ ಟು-ಇನ್-ವನ್ ಇಟ್ಟು ಎಲ್ಲರೂ ಸುತ್ತ ಕುಳಿತು ಕೇಳುವುದು. ಬಿ ಸೈಡು ಅಕ್ಕನಿಗೆ ಮಾತ್ರ. ರಾತ್ರಿ ಎಲ್ಲ ಮಲಗಿದ ಮೇಲೆ ಅವಳು ಕತ್ತಲಲ್ಲಿ ವಾಲ್ಯೂಮ್ ಪೂರ್ತಿ ತಗ್ಗಿಸಿ, ಸ್ಪೀಕರಿನ ಜಾಲರಿಗೆ ಕಿವಿ ಒತ್ತಿ ಕೇಳುತ್ತಿದ್ದಳು. ಬೆಳಿಗ್ಗೆ ಕೆನ್ನೆಯ ಮೇಲೆ ಜಾಲರಿಯ ಅಚ್ಚು ಇರುತ್ತಿತ್ತು ಅಂತ ನಾವು ಹುಡುಗಿಯರು ಮಾತಾಡಿಕೊಂಡು ನಗುತ್ತಿದ್ದೆವು. ಆ ಬಿ ಸೈಡಿನಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. ದೂರ ಇರುವ ಗಂಡ ಹೆಂಡತಿ ಕೈಗೆ ಸಿಕ್ಕಿದ್ದರಲ್ಲಿ ಸಂಸಾರ ಮಾಡುತ್ತಾರೆ. ಆಗ ಕ್ಯಾಸೆಟ್, ಆಮೇಲೆ ಎಸ್‌ಟಿಡಿ ಬೂತ್, ಈಗ ಬೋಟಿಮ್ ಎಂಬ ಕರೆಯ ಆ್ಯಪ್. ಇಬ್ಬರಿಗೂ ಒಪ್ಪಿಗೆಯಿದ್ದು, ಇಬ್ಬರಿಗೂ ಸುಖವಿದ್ದರೆ ಅದರಲ್ಲಿ ಅಸಹಜ ಎನ್ನುವಂಥದ್ದು ಏನೂ ಇಲ್ಲ. ಕರೆಯ ಹೊತ್ತಿಗೆ ಅವರವರು ತಮ್ಮ ಮೈಯನ್ನು ತಾವೇ ಮುಟ್ಟಿಕೊಂಡು ಸುಖಪಡುವುದರಿಂದ ಶಕ್ತಿ ಸೋರಿಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂಬುದೆಲ್ಲ ಸುಳ್ಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಲೈಂಗಿಕ ಆಸೆ ಒಂದು ಸ್ವಿಚ್ಚಲ್ಲ. ಲೈಂಗಿಕತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸಿ ಸಂಸ್ಥೆಯಲ್ಲಿದ್ದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ಇದನ್ನು ಆಕ್ಸಿಲರೇಟರ್ ಮತ್ತು ಬ್ರೇಕಿನ ಲೆಕ್ಕದಲ್ಲಿ ನೋಡಿದರು. ಉದ್ರೇಕಿಸುವ ವ್ಯವಸ್ಥೆಯೊಂದು, ತಡೆಯುವ ವ್ಯವಸ್ಥೆ ಇನ್ನೊಂದು. ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ. ನನ್ನ ಬಳಿ ಬರುವ ಹೆಚ್ಚಿನ ಹೆಣ್ಣುಮಕ್ಕಳಲ್ಲಿ ಆಕ್ಸಿಲರೇಟರ್ ಹಾಳಾಗಿರುವುದಿಲ್ಲ, ಕಾಲು ಬ್ರೇಕಿನ ಮೇಲಿರುತ್ತದೆ. ಯಾರಿಗಾದರೂ ಕೇಳಿಸಿದರೆ, ಬಾಗಿಲು ತೆರೆದುಕೊಂಡರೆ, ಇದು ಯಾರ ಕೈಗಾದರೂ ಸಿಕ್ಕಿದರೆ: ಇವೆಲ್ಲ ಬ್ರೇಕುಗಳು. ನಿಮ್ಮಲ್ಲಿ ಚಿಲಕದ ಬ್ರೇಕು ಮಳೆಗಾಲದಿಂದಲೇ ಇತ್ತು, ಅದನ್ನು ದಾಟಿಕೊಂಡೇ ನೀವು ಸುಖ ಕಂಡಿದ್ದಿರಿ. ದೀಪಾವಳಿಗೆ ರೆಕಾರ್ಡಿಂಗಿನ ಬ್ರೇಕು ಸೇರಿತು. ಗಾಡಿ ನಿಂತಿತು. ಗಾಡಿ ಕೆಟ್ಟಿಲ್ಲ.

ಇನ್ನೊಂದು ಸಂಗತಿ ಇದೆ, ಬರೀ ವಿಡಿಯೋಗೆ ಸಂಬಂಧಪಟ್ಟದ್ದು. ಕಾಲ್‌ನಲ್ಲಿ ಪರದೆಯ ಮೂಲೆಯಲ್ಲಿ ನಿಮ್ಮದೇ ಮುಖದ ಪುಟ್ಟ ಚೌಕ ಇರುತ್ತದಲ್ಲ, ನಿಮ್ಮ ಕಣ್ಣು ಎಲ್ಲಿರುತ್ತದೆ? ಅವರ ಮೇಲೋ, ಆ ಚೌಕದ ಮೇಲೋ? ನಾನು ಕೇಳಿದ ಹೆಂಗಸರಲ್ಲಿ ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೌಕದ ಮೇಲೆ" ಅಂದಿದ್ದಾರೆ. ಹೊಟ್ಟೆ ಕಾಣುತ್ತದಾ, ಬೆಳಕು ಸರಿಯಿದೆಯಾ, ಮುಖ ವಿಕಾರವಾಗಿದೆಯಾ ಎಂಬ ಪರೀಕ್ಷೆಯೇ ನಡೆಯುತ್ತಿರುತ್ತದೆ. ಸುಖ ಪಡಬೇಕಾದವಳು ತನಗೆ ತಾನೇ ಪ್ರೇಕ್ಷಕಿಯಾಗಿ ಕೂರುವ ಈ ತೊಂದರೆಯನ್ನು ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲೇ ಗುರುತಿಸಿ ಅದಕ್ಕೆ ಸ್ಪೆಕ್ಟೇಟರಿಂಗ್ ಎಂದು ಹೆಸರು ಕೊಟ್ಟರು. ಮಲಗುವ ಕೋಣೆಯಲ್ಲಿ ಅದು ಮನಸ್ಸಿನೊಳಗೆ ನಡೆಯುವ ಆಟ. ಫೋನು ಅದನ್ನು ಕಣ್ಣೆದುರಿಗೇ ತಂದು ಅಂಟಿಸಿಬಿಟ್ಟಿದೆ. ಇದರ ಮೇಲೆ ರೆಕಾರ್ಡಿಂಗ್ ಬೇರೆ! ಈಗಿನ ನಿಮ್ಮನ್ನು ನಾಳೆಯ ಗಂಡ ನೋಡುತ್ತಾರೆ, ನಾಡಿದ್ದು ಇನ್ಯಾರೋ ನೋಡಬಹುದು ಎಂಬ ಅಂಜಿಕೆ. ಅಷ್ಟೊಂದು ಜನರ ಎದುರು ಯಾವ ಹೆಣ್ಣಿಗೆ ಮೈ ಅರಳುತ್ತದೆ? ನಟನೆ ಬಂದದ್ದು ಅಲ್ಲಿಂದ. ಕ್ಯಾಮೆರಾ ಮುಂದೆ ಇನ್ನೇನು ಬರಬೇಕಿತ್ತು.

ಹಾಗಾಗಿ ಮೊದಲ ಕೆಲಸ ರೆಕಾರ್ಡಿಂಗಿನದು. ನಿಮ್ಮ ಯಜಮಾನರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದಲೇ, ಒಂಟಿತನದಿಂದಲೇ ಮಾಡಿರಬಹುದು. ಆದರೆ ಕೇಳದೆ ಮಾಡಿದರು, ಅದು ಸಣ್ಣ ವಿಷಯವಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ, ಖಾಸಗಿತನಕ್ಕೆ ಧಕ್ಕೆಯಾಗುವಂತೆ ಸೆರೆಹಿಡಿಯುವುದನ್ನೇ ಅಪರಾಧ ಎನ್ನುತ್ತದೆ: ಮೂರು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 'ಗಂಡನನ್ನು ಹೊರತುಪಡಿಸಿ' ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನೀವು ಕೇಸು ಹಾಕಿ ಅಂತ ಇದನ್ನು ಹೇಳುತ್ತಿಲ್ಲ. ನಿಮ್ಮ ಮುನಿಸಿಗೆ ಆಧಾರವಿದೆ, ನೀವು ಅತಿಸೂಕ್ಷ್ಮದವರಲ್ಲ ಅಂತ ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಅವರಲ್ಲಿ ಹೇಗೆ ಮಾತೆತ್ತುವುದು? ರಾತ್ರಿ ಕರೆಯಲ್ಲಿ ಬೇಡ. ಅವರ ವಾರದ ರಜೆಯ ದಿನ, ಹಗಲಲ್ಲಿ, ಊಟವಾದ ಮೇಲೆ. "ನೀವು ರೆಕಾರ್ಡ್ ಮಾಡಿದ್ದು ಗೊತ್ತಾದಾಗಿನಿಂದ ನನಗೆ ಆಗುತ್ತಿಲ್ಲ. ಪರವಾಗಿಲ್ಲ ಅಂದಿದ್ದೆ, ಆದರೆ ಪರವಾಗಿದೆ" ಅಂತ ಇಷ್ಟೇ ಹೇಳಿ. "ನೀವ್ಯಾಕೆ ಹೀಗೆ ಮಾಡಿದ್ರಿ" ಅಂತ ಶುರುಮಾಡಿದರೆ ಅವರು ವಕೀಲರಾಗುತ್ತಾರೆ, ನಿಮ್ಮ ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅಳಿಸುವುದು. ಗ್ಯಾಲರಿಯಲ್ಲಿ ಅಳಿಸಿದರೆ ಮುಗಿಯುವುದಿಲ್ಲ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಟ್ರ್ಯಾಶ್‌ನಲ್ಲಿ 60 ದಿನ ಹಾಗೇ ಬಿದ್ದಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ವಾಟ್ಸಾಪಿನಲ್ಲಿ ಯಾರಿಗೂ, 'ತನಗೆ ತಾನೇ' ಕೂಡ ಕಳಿಸಿಕೊಂಡಿಲ್ಲ ತಾನೆ ಅಂತ ಕೇಳಿ. ಹೆದರಿಕೆ ಹುಟ್ಟಿಸಲು ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನನ್ನ ಬಳಿ ಬಂದ ದಂಪತಿಗೆ ಆದದ್ದು ಇದೇ. ಗಂಡನ ಫೋನಿನ ಖಾತೆಯನ್ನೇ ಮನೆಯಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ತಂದ ಟ್ಯಾಬಿಗೂ ಹಾಕಿದ್ದರು. ಯಾರೂ ಕದಿಯಲಿಲ್ಲ, ಯಾರೂ ಹ್ಯಾಕ್ ಮಾಡಲಿಲ್ಲ. ಫೋಟೋ ತಾನಾಗಿಯೇ ಬಂದು ಟ್ಯಾಬಿನಲ್ಲಿ ಕುಳಿತಿತ್ತು. ನಾದಿನಿ ನೋಡಿದಳು.

ದುಬೈಯ ಕಡೆಯಿಂದಲೂ ಒಂದೆರಡು ಮಾತಿದೆ. ಅವರು ಇರುವುದು ಬೆಡ್ ಸ್ಪೇಸಿನಲ್ಲಿಯೇ? ಪತ್ರದಲ್ಲಿ ಬರೆದಿಲ್ಲ, ಆದರೆ ಸ್ಟೋರ್ ಕೀಪರ್ ಅಂದ ಮೇಲೆ ಅನೇಕರು ಹಾಗೇ ಇರುತ್ತಾರೆ: ಒಂದು ಕೋಣೆ, ಎರಡಂತಸ್ತಿನ ಮಂಚಗಳು, ಕೆಳಗಿನ ಮಂಚಕ್ಕೊಂದು ಬೆಡ್‌ಶೀಟಿನ ಪರದೆ. ಆ ಪರದೆಯ ಆಚೆ ಯಾರಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಕೇಳುವ ಹಕ್ಕು ನಿಮಗಿದೆ: "ಈಗ ಕೋಣೆಯಲ್ಲಿ ಯಾರಿದ್ದಾರೆ? ಇಯರ್‌ಫೋನ್ ಹಾಕಿದ್ದೀರಾ?" ಇದು ಸಂಶಯವಲ್ಲ, ಶಿಸ್ತು. ಅಲ್ಲಿ ವರ್ಷಗಳಿಂದ ವಾಟ್ಸಾಪ್ ಕರೆ ನಡೆಯದ ಕಾರಣ ಜನ ಬೋಟಿಮ್ ಹಿಡಿದರು, ಕೆಲವರು ಆ ತಡೆ ದಾಟಲು ವಿಪಿಎನ್ ಎಂಬ ಆ್ಯಪ್ ಹಾಕುತ್ತಾರೆ. ಅಮೀರಾತಿನ 2021ರ ಸೈಬರ್ ಕಾನೂನಿನಲ್ಲಿ ಅಪರಾಧ ಎಸಗಲು ವಿಪಿಎನ್ ಬಳಸಿದರೆ 5 ಲಕ್ಷ ದಿರ್ಹಮಿನಿಂದ 20 ಲಕ್ಷದವರೆಗೆ ದಂಡವಿದೆ. ಅಶ್ಲೀಲ ಎನ್ನಿಸುವ ವಿಷಯವನ್ನು ಜಾಲದಲ್ಲಿ ಕಳಿಸುವುದು, ಹಂಚುವುದು ಕೂಡ ಅಪರಾಧ. ಗಂಡ ಹೆಂಡತಿಯ ಮಾತಿಗೆ ಪೊಲೀಸರು ಬಂದು ಕದ ತಟ್ಟುತ್ತಾರೆ ಅಂತಲ್ಲ. ಆದರೆ ಬೇರೆ ಯಾವುದೋ ಕಾರಣಕ್ಕೆ ಫೋನು ಯಾರದೋ ಕೈಗೆ ಹೋದಾಗ ಅದರೊಳಗೆ ನಿಮ್ಮ ರೆಕಾರ್ಡಿಂಗ್ ಇದ್ದರೆ, ಕಷ್ಟ ಅವರಿಗೆ. ಅಳಿಸಲು ಅವರಿಗೆ ಇದೊಂದು ಒಳ್ಳೆಯ ಕಾರಣವೂ ಆಗುತ್ತದೆ, ಮಾನ ಉಳಿಸಿಕೊಂಡು ಒಪ್ಪಿಕೊಳ್ಳಬಹುದು.

ಫೋಟೋ ಕಳಿಸಲೇಬಾರದೇ ಅಂತ ನೀವು ಕೇಳಿಲ್ಲ, ಬೇರೆಯವರು ಬಹಳ ಕೇಳುತ್ತಾರೆ. ನನ್ನ ಅಭಿಪ್ರಾಯ: ಕಳಿಸದಿದ್ದರೆ ನಷ್ಟವಿಲ್ಲ. ಕಳಿಸಲೇಬೇಕೆನಿಸಿದರೆ ಮುಖ ಬೇಡ, ಕರಿಮಣಿ ಬೇಡ, ಗುರುತಿನ ಮಚ್ಚೆ ಬೇಡ. ಹಿಂದಿನ ಗೋಡೆಯನ್ನೂ ನೋಡಿ, ನಮ್ಮ ಮನೆಗಳ ಗೋಡೆಯಲ್ಲಿ ಊರಿನ ಸೊಸೈಟಿಯ ಹೆಸರು ಅಚ್ಚಾದ ಕ್ಯಾಲೆಂಡರ್ ಇದ್ದೇ ಇರುತ್ತದೆ. ವಾಟ್ಸಾಪಿನಲ್ಲಿ 2021ರಿಂದ ಒಮ್ಮೆ ಮಾತ್ರ ತೆರೆಯುವ ಫೋಟೋದ ಸೌಲಭ್ಯವಿದೆ, ಸ್ಕ್ರೀನ್‌ಶಾಟ್‌ಗೂ ತಡೆಯಿದೆ. ಆದರೆ ಇನ್ನೊಂದು ಫೋನಿನಿಂದ ಆ ಪರದೆಯ ಫೋಟೋ ಹೊಡೆದರೆ ತಡೆಯುವವರು ಯಾರು? ಅಂದ ಹಾಗೆ, ಆ್ಯಪ್‌ನಿಂದ ದೂರದಲ್ಲೇ ಕುಳಿತು ನಡೆಸುವ ಲೈಂಗಿಕ ಸುಖದ ಸಾಧನಗಳ ಬಗ್ಗೆ ಹೋದ ತಿಂಗಳು ಒಬ್ಬರು ಕೇಳಿದ್ದರು. ವಿ-ವೈಬ್ ಎಂಬ ಸಾಧನದ ಕಂಪನಿ ಬಳಕೆದಾರರಿಗೆ ತಿಳಿಸದೆ ಅವರ ಬಳಕೆಯ ವಿವರ ಸಂಗ್ರಹಿಸಿದ ಆರೋಪಕ್ಕೆ 2017ರಲ್ಲಿ ಸುಮಾರು 37 ಲಕ್ಷ ಡಾಲರಿಗೆ ರಾಜಿಯಾಯಿತು ಎಂಬುದನ್ನು ಅವರಿಗೆ ಹೇಳಿ ಸುಮ್ಮನಾದೆ. ನಿಮಗಂತೂ ಅದರ ಗೋಜು ಬೇಡ.

ಸರಿ, ಅಳಿಸಿಯಾಯಿತು. ಮುಂದೆ? ಆರು ವಾರ ವಿಡಿಯೋ ಬಿಡಿ. ಪೂರ್ತಿ ಬಿಡಿ ಅಂತಲ್ಲ, ಹಗಲಲ್ಲಿ ಮಾವಿನ ಮಿಡಿ ತೋರಿಸಿ, ಹೊಸ ಸೀರೆ ತೋರಿಸಿ. ರಾತ್ರಿಯ ಆ ಹೊತ್ತಿಗೆ ಬರೀ ಧ್ವನಿ ಸಾಕು. ನಿಮ್ಮ ಹನ್ನೊಂದೂವರೆ ಅವರ ಹತ್ತು ಗಂಟೆ. ದೀಪ ಆರಿಸಿ, ಇಯರ್‌ಫೋನ್ ಹಾಕಿ, ಫೋನನ್ನು ಬೋರಲು ಮಲಗಿಸಿ. ಧ್ವನಿಯಲ್ಲಿ ಹೊಟ್ಟೆ ಕಾಣುವುದಿಲ್ಲ, ಮೂಲೆಯ ಚೌಕ ಇರುವುದಿಲ್ಲ. ಹೋದ ಸಲ ಅವರು ಬಂದಾಗ ನಿಮಗೆ ಹಿತವಾಗಿದ್ದ ಒಂದು ಕ್ಷಣ ಹೇಳಿ, ದೊಡ್ಡದೇನೂ ಬೇಡ. ಒಬ್ಬಾಕೆ ತನ್ನ ಗಂಡನಿಗೆ ಹೇಳಿದ್ದು ಇದು: "ಸ್ನಾನ ಮಾಡಿ ಬಂದಾಗ ನೀವು ಟವೆಲಿನಲ್ಲಿ ನನ್ನ ಬೆನ್ನು ಒರೆಸಿದ್ದು." ಅಷ್ಟಕ್ಕೆ ಆತ ಎರಡು ನಿಮಿಷ ಮಾತಾಡಲಿಲ್ಲವಂತೆ. ಎರಡು ವರ್ಷದ ವಿಡಿಯೋ ಕಾಲ್‌ಗಳಲ್ಲಿ ಅವಳಿಗೆ ಏನು ಇಷ್ಟ ಅಂತ ಆತ ಕೇಳಿಯೇ ಇರಲಿಲ್ಲ. ನೋಡುತ್ತಿದ್ದರೆ ಸಾಕು ಅಂದುಕೊಂಡಿದ್ದ. ತೋರಿಸುವುದಕ್ಕೆ ಮೈಯಿದ್ದರೆ ಆಯಿತು, ಹೇಳುವುದಕ್ಕೆ ತನಗೇನು ಬೇಕೆಂದು ಮೊದಲು ತನಗೆ ಗೊತ್ತಿರಬೇಕು. ಕನ್ನಡದಲ್ಲಿ ಇದಕ್ಕೆಲ್ಲ ಪದವೇ ಇಲ್ಲ, ಇರುವುದು ಬೈಗುಳ ಇಲ್ಲವೇ ಪಠ್ಯಪುಸ್ತಕ ಅಂತ ನನ್ನ ಬಳಿ ಬಂದವರು ಗೊಣಗುತ್ತಾರೆ. ನಿಜ. ಇಬ್ಬರೂ ಸೇರಿ ಮಾಡಿಕೊಳ್ಳಿ, ಮನೆಗೊಂದು ಭಾಷೆ. ಹಾಗೆ ಹುಟ್ಟಿದ ಪದಗಳಿಗೆ ಒಂದು ಲಾಭವೂ ಉಂಟು: ಅತ್ತೆಯ ಕಿವಿಗೆ ಬಿದ್ದರೂ ಅರ್ಥವಾಗುವುದಿಲ್ಲ.

ದೂರ ಇರುವ ಜೋಡಿಗಳು ಪ್ರೀತಿಯಲ್ಲಿ ಹಿಂದೆ ಬೀಳುತ್ತವೆ ಎಂದು ಜನ ಅಂದುಕೊಂಡಿರುತ್ತಾರೆ. 2013ರಲ್ಲಿ ಜೆಫ್ರಿ ಹ್ಯಾನ್‌ಕಾಕ್ ಮತ್ತು ಕ್ರಿಸ್ಟಲ್ ಜಿಯಾಂಗ್ ಎಂಬ ಸಂಶೋಧಕರು ಹತ್ತಿರ ಇರುವ ಜೋಡಿಗಳನ್ನೂ ದೂರ ಇರುವ ಜೋಡಿಗಳನ್ನೂ ಹೋಲಿಸಿ ನೋಡಿದಾಗ, ದೂರದವರು ಮಾತಾಡುವ ಸಲ ಕಡಿಮೆಯಾದರೂ ಮನಸ್ಸು ಬಿಚ್ಚುವುದು ಹೆಚ್ಚು ಎಂದು ಕಂಡರು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಅವರು ಒಬ್ಬರನ್ನೊಬ್ಬರು ಇರುವುದಕ್ಕಿಂತ ಚೆಂದವಾಗಿ ಕಲ್ಪಿಸಿಕೊಳ್ಳುತ್ತಾರೆ. ಈ ಎರಡನೆಯದು ಏಪ್ರಿಲ್‌ನಲ್ಲಿ ನಿಮಗೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಅದಕ್ಕೂ ಮೊದಲು ನಿಮ್ಮ ಅಳು. ಅದು ಕಾಯಿಲೆಯಲ್ಲ. ಒಂದೇ ಹಾಸಿಗೆಯಲ್ಲಿ ಇರುವವರಲ್ಲೂ ಕೂಡಿದ ಮೇಲೆ ಕೆಲವೊಮ್ಮೆ ಕಾರಣವಿಲ್ಲದೆ ಅಳು ಬರುವುದುಂಟು. ದೂರದಲ್ಲಿ ಒಂದು ಕಾರಣವೂ ಸೇರುತ್ತದೆ. ನಮ್ಮ ಚರ್ಮದಲ್ಲಿ ಮೆಲ್ಲನೆಯ ಸವರುವಿಕೆಗೇ ಸ್ಪಂದಿಸುವ ನರತಂತುಗಳಿವೆ, ಸಿ-ಟ್ಯಾಕ್ಟೈಲ್ ಎನ್ನುತ್ತಾರೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸವರುವಿಕೆ ಅವಕ್ಕೆ ಅತಿ ಹಿತ, ಅಂದರೆ ಮಗುವಿನ ಬೆನ್ನು ಸವರುವ ವೇಗ. ಉದ್ರೇಕ ಇಳಿದ ಮೇಲೆ ಮೈ ಕಾಯುವುದು ಅದನ್ನೇ. ಫೋನು ಎಲ್ಲವನ್ನೂ ಕೊಟ್ಟು ಅದೊಂದನ್ನು ಕೊಡುವುದಿಲ್ಲ. ಸುಖ ಮುಗಿದ ಕೂಡಲೇ "ಸರಿ, ಇಡ್ತೇನೆ, ನಾಳೆ ಡ್ಯೂಟಿ" ಅಂದರೆ ಎತ್ತರದಿಂದ ಬಿದ್ದಂತಾಗುತ್ತದೆ. ಹತ್ತು ನಿಮಿಷ ಕರೆ ಇಡಬೇಡಿ. ಮಾತಾಡಲು ವಿಷಯ ಬೇಕಿಲ್ಲ, ಇವತ್ತು ಏನು ಮೀನು ಸಿಕ್ಕಿತು, ಬಾವಿಯಲ್ಲಿ ನೀರೆಷ್ಟಿದೆ, ಇಂಥದ್ದೇ ಸಾಕು. ನಿದ್ದೆ ಬರುವವರೆಗೆ ಅವರ ಉಸಿರು ಕೇಳುತ್ತಿರಲಿ. ಅವರು ಬಿಟ್ಟುಹೋದ ಅಂಗಿಯೊಂದನ್ನು ಒಗೆಯದೆ ಇಟ್ಟುಕೊಂಡವರನ್ನು ನಾನು ಬಲ್ಲೆ, ಅದರಲ್ಲೂ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ಏಪ್ರಿಲ್. ಅಮೀರಾತಿನಲ್ಲಿ ಒಂದು ವರ್ಷ ದುಡಿದವರಿಗೆ 30 ದಿನ ರಜೆ ಸಿಗುತ್ತದೆ. ಅಷ್ಟರಲ್ಲಿ ಕುಲದೇವರಿಗೆ ಹೋಗಬೇಕು, ನಾಲ್ಕು ಮದುವೆ ಉಣ್ಣಬೇಕು, ತವರು ಮನೆಗೊಂದು ಸುತ್ತು, ಜೊತೆಗೆ "ಏನಾದರೂ ವಿಶೇಷ ಉಂಟಾ?" ಎಂದು ಕೇಳುವವರ ಸಾಲು. ಮೊದಲ ಎರಡು ಮೂರು ರಾತ್ರಿ ಏನೂ ಆಗದಿದ್ದರೆ ಗಾಬರಿಯಾಗಬೇಡಿ, ಇಬ್ಬರೂ. ಪರದೆಯ ಮೇಲೆ ಬೆಳಕು ಸರಿಮಾಡಿಕೊಂಡು ಕೂತವರು ಬೆವರು, ಗೊರಕೆ, ಅಜೀರ್ಣ ಎಲ್ಲ ಸೇರಿದ ಮನುಷ್ಯರಾಗಿ ಎದುರಾಗುತ್ತೀರಿ. ಗಂಡಸರಿಗೆ ಇನ್ನೊಂದು ತೊಡಕು: ತಿಂಗಳುಗಟ್ಟಲೆ ತಮ್ಮದೇ ಕೈಯ ವೇಗಕ್ಕೆ, ತಮ್ಮದೇ ಹಿಡಿತಕ್ಕೆ ಒಗ್ಗಿಹೋಗಿರುತ್ತಾರೆ. ಹೆಂಡತಿಯ ಜೊತೆಗೆ ಅದು ಬೇರೆಯಾಗಿ ಅನ್ನಿಸಿ ಗಟ್ಟಿತನ ಇಳಿಯಬಹುದು, ಇಲ್ಲವೇ ಬಹಳ ಬೇಗ ಮುಗಿಯಬಹುದು. ನಿಮ್ಮ ಮೇಲೆ ಆಸೆ ಇಲ್ಲ ಅಂತ ಅದರ ಅರ್ಥವಲ್ಲ. ಮೊದಲೇ ಮಾತಾಡಿಕೊಳ್ಳಿ: ಬಂದ ರಾತ್ರಿ ಬರೀ ಮಲಗುವುದು, ಬೆನ್ನು ಸವರುವುದು, ಬೇರೇನೂ ಆಗಲೇಬೇಕೆಂದಿಲ್ಲ. ಹೀಗೆ ಹೇಳಿಕೊಂಡ ಜೋಡಿಗಳಲ್ಲಿ ಎಷ್ಟು ಮಂದಿ ಆ ಮಾತಿಗೆ ತಪ್ಪುತ್ತಾರೆ ಅಂತ ನನಗೆ ಗೊತ್ತಿದೆ, ತಪ್ಪಿದರೂ ಅಡ್ಡಿಯಿಲ್ಲ.

ಒಂದು ವೇಳೆ ಅವರು ಅಳಿಸಲು ಒಪ್ಪದಿದ್ದರೆ, ಒಪ್ಪಿದಂತೆ ಮಾಡಿ ಇಟ್ಟುಕೊಂಡರೆ, ಜಗಳವಾದಾಗ "ನನ್ನ ಹತ್ರ ವಿಡಿಯೋ ಉಂಟು" ಎಂಬ ಮಾತು ಒಮ್ಮೆಯಾದರೂ ಬಂದರೆ, ಆಗ ಇದು ಲೈಂಗಿಕ ಸಮಸ್ಯೆಯಲ್ಲ, ಬೆದರಿಕೆ. ಚಾಟ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ, ಉಡುಪಿಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವುದು ಅದೇ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಸ್ಟಾಪ್‌ಎನ್‌ಸಿಐಐ ಎಂಬ ತಾಣವೂ ಇದೆ, 2021ರ ಕೊನೆಗೆ ಶುರುವಾದದ್ದು. ನಿಮ್ಮ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ಜಾಲತಾಣಗಳಿಗೆ ಹೋಗಿ, ಅದೇ ಚಿತ್ರ ಅಲ್ಲಿ ಯಾರಾದರೂ ಹಾಕಿದರೆ ತಡೆಯಲು ನೆರವಾಗುತ್ತದೆ. ತೆಗೆಯಲು ನೀವು ಒಪ್ಪಿದ್ದ ಫೋಟೋ ಆದರೂ ಹಂಚಲು ಒಪ್ಪಿಲ್ಲವೆಂದರೆ ಹಂಚುವುದು ಅಪರಾಧವೇ; ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ನಿಮ್ಮ ಪತ್ರದ ಧಾಟಿ ನೋಡಿದರೆ ಅಲ್ಲಿಯವರೆಗೆ ಹೋಗುವುದಿಲ್ಲ ಅಂತ ನನಗನ್ನಿಸುತ್ತದೆ.

ಆರು ವಾರ ಧ್ವನಿಯಲ್ಲಿ ಮಾತ್ರ ಇದ್ದು, ರೆಕಾರ್ಡಿಂಗಿನ ಮಾತು ಬಗೆಹರಿದ ಮೇಲೂ ಏನೂ ಅನ್ನಿಸದಿದ್ದರೆ ಇನ್ನೊಮ್ಮೆ ಬರೆಯಿರಿ, ಅಥವಾ ಅವರು ಬಂದಾಗ ಇಬ್ಬರೂ ಒಟ್ಟಿಗೆ ಹತ್ತಿರದ ಮನೋವೈದ್ಯರನ್ನೋ ಸ್ತ್ರೀರೋಗ ತಜ್ಞರನ್ನೋ ನೋಡಿ. ಅಲ್ಲಿಯವರೆಗೆ ನಟನೆ ಬಿಟ್ಟುಬಿಡಿ. "ಇವತ್ತು ನನಗೆ ಆಗುವುದಿಲ್ಲ, ನೀವು ಮಾತಾಡುತ್ತಿರಿ, ಕೇಳುತ್ತೇನೆ" ಅಂದರೂ ಸಂಸಾರವೇ.

ಇನ್ನು ಚಿಲಕ. ಮಳೆಗೆ ಮರ ಉಬ್ಬಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿದೆ, ಅಷ್ಟೇ. ಬಡಗಿಯನ್ನು ಕರೆಸಿ ಅಂಚಿಗೆ ನಾಲ್ಕು ಸಲ ಕೀಸುಳಿ ಹೊಡೆಸಿ, ಒಳಗಡೆಯಿಂದ ಒಂದು ಗಟ್ಟಿ ಅಗಳಿ ಹಾಕಿಸಿ. ಅರ್ಧ ಗಂಟೆಯ ಕೆಲಸ. ಎಂಟು ತಿಂಗಳು ಇಲ್ಲದ ಅವಸರ ಈಗೇಕೆ ಅಂತ ಅತ್ತೆ ಕೇಳಿದರೆ, ಏಪ್ರಿಲ್‌ಗೆ ನಿಮ್ಮ ಮಗ ಬರುತ್ತಾರಲ್ಲ ಅನ್ನಿ. ಮುಂದೆ ಅವರು ಕೇಳಲಿಕ್ಕಿಲ್ಲ.